ಹದಿನಾಲ್ಕು ಅಡಿಯ ಮೋಹ

ನೀರಿನ ಮೇಲೆ ಸಾಗಲು ಮನುಷ್ಯ ಕಂಡುಕೊಂಡ ಉಪಾಯಗಳಲ್ಲಿ ತೀರಾ ಅನಗತ್ಯವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಹಿಂದೆಮುಂದೆ ನೋಡದೆ ಸ್ಟ್ಯಾಂಡಪ್ ಪ್ಯಾಡಲಿಂಗ್ ಎನ್ನುತ್ತೇನೆ. ದೋಣಿಯಾದರೆ ಕೂರಬಹುದು, ಸಾಮಾನು ಹೇರಬಹುದು, ಬಲೆ ಬೀಸಬಹುದು, ಮಳೆ ಬಂದರೆ ಕೊಡೆ ಬಿಚ್ಚಬಹುದು. ಇಲ್ಲಿರುವುದು ಒಂದು ಹಲಗೆ, ಅದರ ಮೇಲೆ ನೆಟ್ಟಗೆ ನಿಂತ ಒಂದು ಜೀವ, ಕೈಯಲ್ಲಿ ಆ ಜೀವಕ್ಕಿಂತ ಉದ್ದದ ಒಂದು ಪ್ಯಾಡಲ್. ಅಷ್ಟೇ. ಸಾಲದ್ದಕ್ಕೆ ಇದರಲ್ಲಿ ರೇಸ್ ಬೇರೆ!

ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ಅಜ್ಜ ಒಬ್ಬರು ನನ್ನ ಈ ಅವತಾರವನ್ನು ಕೆಲವು ಬೆಳಗು ಸುಮ್ಮನೆ ನೋಡಿದರು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು: “ಅಲ್ಲ ಮಾರಾಯ್ತಿ, ಕೂತ್ಕೊಂಡ್ರೆ ಆಗುದಿಲ್ವಾ ನಿಂಗೆ?”

“ಆಗ್ತದೆ ಅಜ್ಜ. ಆದ್ರೆ ಕೂತ್ರೆ ನೀರಿನ ಅಡಿ ಕಾಣುದಿಲ್ಲ.”

“ಅಡಿಯಲ್ಲಿ ಎಂತ ಉಂಟು? ಕೆಸರು!” ಎಂದು ನಕ್ಕು ಮುಳುಗಿದರು.

ಅವರ ಮಾತು ನಿಜವೇ. ಆದರೂ ನಿಂತವರಿಗೆ ಕಾಣುವ ಹೊಳೆ ಕೂತವರಿಗೆ ಕಾಣುವ ಹೊಳೆಯಲ್ಲ. ಎಲ್ಲಿ ಮರಳು ಏರಿದೆ, ಎಲ್ಲಿ ನೀರು ಕಪ್ಪಗೆ ಆಳವಾಗಿದೆ, ಕಾಂಡ್ಲಾ ಗಿಡಗಳ ಬೇರುಗಳ ಸಂದಿಯಿಂದ ಮೀನಿನ ಮರಿಗಳು ಯಾವ ಕಡೆ ಚದುರಿದವು ಎಂಬುದೆಲ್ಲ ಐದಡಿ ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ನೋಡುವ ಈ ಚಪಲಕ್ಕೆ ನಿಂತವಳು ನಾನು. ಸ್ಪರ್ಧೆ ಆಮೇಲೆ ಅಂಟಿಕೊಂಡದ್ದು. ಅಂಟಿದ ಮೇಲೆ, ನೀರನ್ನು ನಿಜವಾಗಿ ನೋಡಲು ಕಲಿಸಿದ್ದು ಅದೇ.

ಈ ಆಟದ ತವರು ಹವಾಯಿ. ಅಲ್ಲಿಯ ವೈಕೀಕಿ ಕಡಲತೀರದಲ್ಲಿ ಪ್ರವಾಸಿಗರಿಗೆ ಅಲೆಯಾಟ ಕಲಿಸುತ್ತಿದ್ದ ಹುಡುಗರು ಕಳೆದ ಶತಮಾನದ ನಡುಭಾಗದಲ್ಲೇ ದೊಡ್ಡ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಿದ್ದರು. ನಿಂತರೆ ಬರುವ ಅಲೆಯೂ ಕಾಣುತ್ತದೆ, ಮುಳುಗುವ ಪ್ರವಾಸಿಗನೂ ಕಾಣುತ್ತಾನೆ. 2000ದ ಆಸುಪಾಸಿನಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಎಂಬ ಅಲೆಗಾರರು ಅದನ್ನು ಮತ್ತೆ ಎತ್ತಿಕೊಂಡರು, ಲೋಕ ಹಿಂದೆ ಬಿತ್ತು. ಮೊಲೊಕಾಯಿ ದ್ವೀಪದಿಂದ ಓಹು ದ್ವೀಪಕ್ಕೆ ಕೈವಿ ಜಲಸಂಧಿಯನ್ನು ದಾಟುವ 32 ಮೈಲಿಯ ಸ್ಪರ್ಧೆ 1997ರಲ್ಲಿ ಶುರುವಾದಾಗ ಹಲಗೆಯ ಮೇಲೆ ಬೋರಲಾಗಿ ಅಥವಾ ಮೊಣಕಾಲೂರಿ ಕೈಯಿಂದಲೇ ನೀರು ಎಳೆಯುವವರಿಗೆ ಮಾತ್ರ ಇತ್ತು. ನಿಂತವರು ಅದರೊಳಗೆ ಆಮೇಲೆ ಸೇರಿಕೊಂಡರು. ಇನ್ನು ಆಟದ ಒಡೆತನದ ಕಥೆ. ಹಲಗೆ ನಮ್ಮದು ಎಂದಿತು ಅಲೆಯಾಟದ ವಿಶ್ವಸಂಸ್ಥೆ, ಹುಟ್ಟು ನಮ್ಮದು ಎಂದಿತು ಕನೂ ದೋಣಿಗಳ ವಿಶ್ವಸಂಸ್ಥೆ. ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯದ ಹಾಗೆ ಇದು ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಯಿತು. ವಿಶ್ವ ಚಾಂಪಿಯನ್‌ಷಿಪ್ಪನ್ನು ಇಬ್ಬರೂ ನಡೆಸಿಕೊಳ್ಳಿ, ಒಲಿಂಪಿಕ್ಸ್ ಮಟ್ಟದಲ್ಲಿ ಮಾತ್ರ ಆಡಳಿತ ಅಲೆಯಾಟದವರದು ಎಂದು 2020ರಲ್ಲಿ ತೀರ್ಪು ಬಂತು. ಒಲಿಂಪಿಕ್ಸಿನಲ್ಲಿ ಈ ಆಟ ಇನ್ನೂ ಇಲ್ಲ ಎಂಬುದು ಬೇರೆ ಮಾತು!

ಹವಾಯಿಯ ಆಟ ಮೂಲ್ಕಿಗೆ ಬಂದದ್ದು ಸಂನ್ಯಾಸಿಯ ಕಾವಿಯ ಜೊತೆ. ‘ಸರ್ಫಿಂಗ್ ಸ್ವಾಮಿ’ ಎಂದು ಹೆಸರಾದ ಅಮೆರಿಕದ ಜಾಕ್ ಹೆಬ್ನರ್ 2004ರಲ್ಲಿ ಇಲ್ಲಿ ಮಂತ್ರ ಸರ್ಫ್ ಕ್ಲಬ್ ತೆರೆದರು. ಇದೇ ಊರಿನ ತನ್ವಿ ಜಗದೀಶ್ ಪ್ಯಾಡಲ್ ಹಿಡಿದು ಹೊರದೇಶದ ಸ್ಪರ್ಧೆಗಳಲ್ಲಿ ಭಾರತದ ಹೆಸರು ಕೂಗಿಸಿದರು. 2024ರ ಮಾರ್ಚಿನಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆಯಿತು. ಎಪಿಪಿ ವರ್ಲ್ಡ್ ಟೂರ್ ಎಂಬ ವೃತ್ತಿಪರ ಸ್ಪರ್ಧಾಮಾಲೆ ಭಾರತಕ್ಕೆ ಕಾಲಿಟ್ಟದ್ದು ಅದೇ ಮೊದಲು. ಡೆನ್ಮಾರ್ಕಿನ ಕ್ರಿಶ್ಚಿಯನ್ ಆಂಡರ್ಸನ್, ಸ್ಪೇನಿನ ಎಸ್ಪೆರಾನ್ಸಾ ಬರೇರಾಸ್ ಅವರಂಥವರು ನಮ್ಮ ಮರಳಿನ ಮೇಲೆ ಓಡಾಡಿದರು. ದೊಡ್ಡವರ ಆಟವನ್ನು ಬರಿಗಣ್ಣಿನಲ್ಲಿ ನೋಡುವಾಗ ನನಗೆ ಅಚ್ಚರಿಯಾದದ್ದು ಅವರ ವೇಗವಲ್ಲ, ಸದ್ದಿಲ್ಲದಿರುವುದು. ನಮ್ಮಂಥವರು ಹೋದರೆ ಪಚಪಚ ಎಂದು ಊರಿಗೇ ಗೊತ್ತಾಗುತ್ತದೆ. ಅವರ ಪ್ಯಾಡಲ್ ನೀರಿಗಿಳಿದದ್ದೇ ಕೇಳುವುದಿಲ್ಲ.

ಆ ಸದ್ದಡಗಿಸುವ ವಿದ್ಯೆಯೇ ಈ ಆಟದ ತಿರುಳು. ಹೊಸಬರು ಪ್ಯಾಡಲನ್ನು ತಿರುಗಾಮುರುಗಾ ಹಿಡಿಯುವುದು ಲೋಕರೂಢಿ. ಅದರ ಬ್ಲೇಡ್ ಕೋಲಿನ ನೇರಕ್ಕಿಲ್ಲದೆ ಸ್ವಲ್ಪ ಬಾಗಿರುತ್ತದೆ. ಬಾಗು ನಮ್ಮ ಕಡೆಗಿದ್ದರೆ ನೀರು ಚೆನ್ನಾಗಿ ಬಾಚುತ್ತದೆ ಎಂದು ಬುದ್ಧಿ ಹೇಳುತ್ತದೆ. ನಿಜಕ್ಕೂ ಅದು ಮುಂದಕ್ಕೆ, ಹಲಗೆಯ ಮೂತಿಯ ಕಡೆಗೆ ಬಾಗಿರಬೇಕು. ಹಾಗಿದ್ದರೆ ಎಳೆತದ ಉದ್ದಕ್ಕೂ ಬ್ಲೇಡ್ ನೀರಿನಲ್ಲಿ ಲಂಬವಾಗಿ ನಿಂತಿರುತ್ತದೆ, ಕೊನೆಯಲ್ಲಿ ನೀರನ್ನು ಮೇಲೆತ್ತದೆ ಹೊರಬರುತ್ತದೆ.

ಇನ್ನು ಒಂದು ಎಳೆತ ಎಂದರೇನು? ಸೊಂಟದಿಂದ ಬಾಗಿ, ಭುಜ ತಿರುಗಿಸಿ, ಕೈ ಎಟಕುವಷ್ಟು ಮುಂದೆ ಬ್ಲೇಡ್ ಇಳಿಸಬೇಕು. ಮೇಲಿನ ಕೈ ಕೆಳಗಿನ ಕೈಯ ನೇರಕ್ಕೆ ಬಂದು, ಎರಡೂ ನೀರಿನ ಮೇಲಿರಬೇಕು. ಇಲ್ಲದಿದ್ದರೆ ಪ್ಯಾಡಲ್ ಓರೆಯಾಗಿ ಹಲಗೆ ಅಡ್ಡಾದಿಡ್ಡಿ ತಿರುಗುತ್ತದೆ. ಬ್ಲೇಡ್ ಪೂರ್ತಿ ಮುಳುಗುವ ತನಕ ಎಳೆಯಕೂಡದು. ಕಷ್ಟವಿರುವುದು ಇಲ್ಲೇ. ಕೈಗೆ ಅವಸರ. ಅರ್ಧ ಮುಳುಗಿದ್ದೇ ಎಳೆಯುತ್ತದೆ, ಬ್ಲೇಡಿನ ಹಿಂದೆ ಗಾಳಿ ಸೇರಿ ನೀರು ಗುಳುಗುಳು ಎನ್ನುತ್ತದೆ, ಶಕ್ತಿಯೆಲ್ಲ ಗುಳ್ಳೆಯ ಪಾಲು. ಪೂರ್ತಿ ಮುಳುಗಿಸಿ, ಅರೆಕ್ಷಣ ತಾಳಿ, ಆಮೇಲೆ ಮೈಭಾರ ಹಾಕಿದರೆ ಬ್ಲೇಡ್ ನೀರಿನಲ್ಲಿ ಗೂಟ ಹೊಡೆದು ನಿಂತುಬಿಡುತ್ತದೆ. ನಾವು ಅದನ್ನು ನಮ್ಮ ಕಡೆ ಎಳೆಯುವುದಲ್ಲ, ಹಲಗೆಯ ಸಮೇತ ನಾವೇ ಅದರ ಬಳಿಗೆ ಹೋಗುವುದು. ಅದು ಪಾದದ ಹತ್ತಿರ ಬಂದ ಕೂಡಲೇ ಎತ್ತಿಬಿಡಬೇಕು. ಆಸೆಯಿಂದ ಇನ್ನೂ ಹಿಂದಕ್ಕೆ ಎಳೆದರೆ ಬ್ಲೇಡ್ ನೀರನ್ನು ಮೇಲಕ್ಕೆತ್ತುತ್ತದೆ, ಹಲಗೆಯ ಬಾಲ ಕೆಳಗೆ ಕುಸಿಯುತ್ತದೆ. ಈ ಎಳೆತ ಒಮ್ಮೆ ಸರಿಯಾಗಿ ಕೂಡಿಬಂದರೆ ಕಾಲಡಿಯಲ್ಲಿ ಹಲಗೆ ಸರ್ರನೆ ಜಾರಿದ್ದು ಅಂಗಾಲಿಗೇ ತಿಳಿಯುತ್ತದೆ. ಆ ಒಂದು ಜಾರಾಟಕ್ಕೆ ನಾನು ಬೆಳಗಿನ ನಿದ್ದೆ ಮಾರಿಕೊಂಡಿದ್ದೇನೆ. ವ್ಯಾಪಾರದಲ್ಲಿ ನಷ್ಟವೇನೂ ಆಗಿಲ್ಲ.

ಹಲಗೆಯ ವಿಚಾರ ಹೇಳಿದರೆ ಆಟಗಾರರ ನಡುವೆ ಜಗಳವೇ ಹತ್ತುತ್ತದೆ. ಕಲಿಯುವವರಿಗೆ ಹತ್ತೂವರೆ ಅಡಿ ಉದ್ದ, 32 ಇಂಚು ಅಗಲದ ಗಾಳಿ ತುಂಬುವ ಹಲಗೆ ಸಾಕು, ಅದರ ಮೇಲೆ ನಾಯಿಯನ್ನೂ ಕೂರಿಸಿಕೊಂಡು ಹೋಗಬಹುದು. ರೇಸಿನ ಹಲಗೆ 14 ಅಡಿ ಉದ್ದ, ಅಗಲ 21ರಿಂದ 26 ಇಂಚು. ಉದ್ದ ಹೆಚ್ಚಿದಷ್ಟೂ ವೇಗ, ಅಗಲ ಕಡಿಮೆಯಾದಷ್ಟೂ ನೀರಿನ ತಡೆ ಕಡಿಮೆ, ಬೀಳುವ ಭಾಗ್ಯ ಹೆಚ್ಚು. ಮಾರುತಿ ಸ್ವಿಫ್ಟ್ ಕಾರಿಗಿಂತ ಉದ್ದದ ಈ ವಸ್ತುವನ್ನು ಅದೇ ಕಾರಿನ ತಲೆಯ ಮೇಲೆ ಕಟ್ಟಿಕೊಂಡು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ ಹಿಂದಿನ ಬಸ್ಸಿನವರು ಹಾಕುವ ಹಾರ್ನಿನಲ್ಲಿ ಒಂದು ಪ್ರಶ್ನೆಯೂ ಇರುತ್ತದೆ. ಕಾರ್ಬನ್ ಹಲಗೆಯ ಬೆಲೆಯಲ್ಲಿ ಒಂದು ಸ್ಕೂಟರ್ ಕೊಂಡು ಪೆಟ್ರೋಲಿಗೂ ದುಡ್ಡು ಉಳಿಸಬಹುದು. ಆದ್ದರಿಂದ ನನ್ನ ಖಚಿತ ಅಭಿಪ್ರಾಯ: ದುಡ್ಡಿದ್ದರೆ ಮೊದಲು ಹಗುರವಾದ ಪ್ಯಾಡಲಿಗೆ ಹಾಕಿ. ರೇಸಿನಲ್ಲಿ ಸಾವಿರಾರು ಸಲ ಎತ್ತಿ ಇಳಿಸಬೇಕಾದದ್ದು ಅದನ್ನು, ಹಲಗೆಯನ್ನಲ್ಲ.

ಅಗಲದ ಹಲಗೆಯಿಂದ ಕಿರಿದಾದದ್ದಕ್ಕೆ ಏರಿದ ದಿನಗಳಲ್ಲಿ ನನ್ನ ಕಾಲು ಜೋಮು ಹಿಡಿಯುತ್ತಿತ್ತು. ಕಲಿಸುವ ಹುಡುಗ ದಡದಿಂದಲೇ ಕೂಗಿದ: “ಅಕ್ಕ, ಬೆರಳಲ್ಲಿ ಬೋರ್ಡನ್ನು ಹಿಡ್ಕೊಳ್ಬೇಡಿ, ಅದೆಲ್ಲಿಗೂ ಓಡಿ ಹೋಗುದಿಲ್ಲ! ಕಾಲಡಿ ನೋಡ್ಬೇಡಿ, ಎದುರು ನೋಡಿ.” ಭಯ ಮುಖದಲ್ಲಿ ಕಾಣದಂತೆ ಅಡಗಿಸಬಹುದು, ಕಾಲ್ಬೆರಳಿನಲ್ಲಿ ಆಗುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಸ್ಪರ್ಧೆಗಳಲ್ಲಿ ಮೂರು ಬಗೆ. 200 ಮೀಟರಿನ ಸ್ಪ್ರಿಂಟ್ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಮುಗಿಯುವಂಥದ್ದು, ಅದು ಹುಡುಗರಿಗಿರಲಿ. ಇನ್ನೊಂದು ಅಲೆಗಳ ನಡುವೆ ತೇಲುಗುರುತುಗಳಾದ ಬೋಯ್‌ಗಳನ್ನು ಸುತ್ತಿಬರುವ ಟೆಕ್ನಿಕಲ್ ರೇಸ್. ಮೂರನೆಯದು ಹಲವು ಕಿಲೋಮೀಟರುಗಳ ದೂರದ ಓಟ. ನನ್ನ ಮನಸ್ಸು ಈ ಕೊನೆಯದರಲ್ಲಿ. ಆರಂಭದ ಶಿಳ್ಳೆ ಹೊಡೆದಾಗ ಎಲ್ಲರೂ ಒಟ್ಟಿಗೆ ನೀರು ಕಲಕಿ ಹಲಗೆಗೆ ಹಲಗೆ ತಾಗುತ್ತದೆ, ಅರ್ಧದಷ್ಟು ಜನ ಅಲ್ಲೇ ಮುಳುಗಿ ಏಳುತ್ತಾರೆ. ಆ ಗಲಾಟೆ ಚದುರಿದ ಮೇಲೆ ನಿಜವಾದ ಆಟ.

ಮುಂದಿನವರ ಹಲಗೆಯ ಬಾಲದಿಂದ ಏಳುವ ಸಣ್ಣ ತೆರೆಯ ಮೇಲೆ ನಮ್ಮ ಹಲಗೆಯ ಮೂತಿಯನ್ನು ಏರಿಸಿ ಅಲ್ಲೇ ಉಳಿದರೆ ಶ್ರಮ ಎದ್ದು ಕಾಣುವಷ್ಟು ಇಳಿಯುತ್ತದೆ. ಇದಕ್ಕೆ ಡ್ರಾಫ್ಟಿಂಗ್ ಎನ್ನುತ್ತಾರೆ. ಕಳ್ಳತನವಲ್ಲ, ನಿಯಮದೊಳಗಿನ ಜಾಣತನ. ಆದರೆ ಬಹುತೇಕ ಸ್ಪರ್ಧೆಗಳಲ್ಲಿ ತಮ್ಮದೇ ವರ್ಗದವರ ಹಿಂದೆ ಮಾತ್ರ ಹೀಗೆ ಹೋಗಬಹುದು. ಇದರಲ್ಲಿ ಒಂದು ಮರ್ಯಾದೆಯೂ ಇದೆ: ಸ್ವಲ್ಪ ಹೊತ್ತಾದ ಮೇಲೆ ಮುಂದೆ ಬಂದು ನೀವೂ ನೀರು ಸೀಳಬೇಕು. ಕೊನೆಯ ತನಕ ಬಾಲ ಹಿಡಿದುಕೊಂಡೇ ಬಂದು ಗೆರೆಯ ಹತ್ತಿರ ಛಂಗನೆ ಮುಂದೆ ಹಾರುವವರೂ ಇದ್ದಾರೆ. ಅವರ ಜೊತೆ ಆಮೇಲೆ ಯಾರೂ ಚಹಾಕ್ಕೆ ಕೂರುವುದಿಲ್ಲ.

ಬೋಯ್ ಸುತ್ತುವ ಹೊತ್ತು ಇದ್ದದ್ದರಲ್ಲಿ ಚೆಂದ. ನಡುವಿನಲ್ಲಿ ನಿಂತವರು ಹೆಜ್ಜೆ ಹೆಜ್ಜೆಯಾಗಿ ಬಾಲದ ಕಡೆ ಸರಿಯಬೇಕು. ಬಾಲ ಮುಳುಗುತ್ತದೆ, ಮೂತಿ ಗಾಳಿಗೇಳುತ್ತದೆ, 14 ಅಡಿಯ ಹಲಗೆ ಬಾಲದ ಮೇಲೆ ಗರ್ರನೆ ತಿರುಗುತ್ತದೆ. ತಿರುಗಿದ ಕೂಡಲೇ ಓಡಿಬಂದು ಮತ್ತೆ ನಡುವೆ ನಿಲ್ಲಬೇಕು. ತಡವಾದರೆ ಹಲಗೆ ನಮ್ಮನ್ನು ಹಿಂದಕ್ಕೆ ಜಾರಿಸಿ ತಾನು ಮುಂದೆ ಹೋಗುತ್ತದೆ.

ಆದರೆ ನನ್ನ ವಯಸ್ಸಿನವರು ಗೆಲ್ಲಬಹುದಾದ ಜಾಗ ತೋಳಿನಲ್ಲಿಲ್ಲ, ಹೊಳೆಯಲ್ಲಿದೆ. ಶಾಂಭವಿಯೂ ನಂದಿನಿಯೂ ಕೂಡಿ ಕಡಲಿಗೆ ಬೀಳುವ ಅಳಿವೆಯ ಹತ್ತಿರ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇಳಿತದ ಜೊತೆ ಹೋಗುವಾಗ ನಡುನೀರಿನಲ್ಲಿರಬೇಕು, ಸೆಳೆತವೇ ಹೊತ್ತೊಯ್ಯುತ್ತದೆ. ಎದುರು ಬರುವಾಗ ದಡಕ್ಕೆ ಸರಿಯಬೇಕು, ಅಲ್ಲಿ ಸೆಳೆತ ಮೆತ್ತಗೆ. ಹಾಗೆಂದು ತೀರಾ ಸರಿದರೆ ನೀರು ತೆಳುವಾಗಿ ಹಲಗೆಯನ್ನು ಕೆಳಗಿನಿಂದ ಯಾರೋ ಹಿಡಿದೆಳೆದಂತಾಗುತ್ತದೆ. ಆಳ ಕಡಿಮೆಯಾದಷ್ಟೂ ಹಲಗೆ ಎಬ್ಬಿಸುವ ತೆರೆಯೇ ಅದಕ್ಕೆ ತೊಡಕು. ಸೆಳೆತ ತಪ್ಪಬೇಕು, ಆಳವೂ ಬೇಕು. ಆ ಎರಡರ ನಡುವಿನ ಗೆರೆ ದಿನಕ್ಕೊಂದು ಕಡೆ ಇರುತ್ತದೆ. ಅದನ್ನು ಹುಡುಕಿಕೊಂಡು ಹೋಗಿ, ತೋಳು ಗಟ್ಟಿಯಿರುವ ಹುಡುಗಿಯರನ್ನು ದಾಟಿದ್ದೂ ಉಂಟು. ಗಾಳಿಯ ಲೆಕ್ಕವೂ ಹೀಗೇ. ಬೆಳಗ್ಗೆ ನೆಲದ ಕಡೆಯ ಮೂಡುಗಾಳಿ ಹಗುರ, ಮಧ್ಯಾಹ್ನ ಪಡುಗಾಳಿ ಎದ್ದರೆ ನಿಂತ ಮೈಯೇ ಹಾಯಿ. ಎದುರುಗಾಳಿ ಜೋರಾದರೆ ಮಂಡಿಯೂರಿ ಸಾಗುವುದರಲ್ಲಿ ಅವಮಾನವೇನಿಲ್ಲ.

ಮರುವಾಯಿ ಹೆಕ್ಕುವ ಅಜ್ಜನಿಗೆ ಇದೆಲ್ಲ ಹುಟ್ಟಿನಿಂದಲೇ ಗೊತ್ತು. ನೀರು ಯಾವಾಗ ತಿರುಗುತ್ತದೆ ಎಂದು ನಾನು ಮೊಬೈಲಿನಲ್ಲಿ ನೋಡಿ ಹೇಳಿದರೆ, ಅವರು ದಡದ ಬೇರಿನ ಮೇಲಿನ ಒದ್ದೆ ಗುರುತು ನೋಡಿ ತಿದ್ದುತ್ತಾರೆ. ಸಾಮಾನ್ಯವಾಗಿ ಅವರೇ ಸರಿ.

ನಿಮಗೂ ಮನಸ್ಸಾದರೆ ಮೊದಲು ಈಜು ಕಲಿಯಿರಿ. ಆಮೇಲೆ ಬಾಡಿಗೆಯ ಅಗಲದ ಹಲಗೆಯಲ್ಲಿ ಒಂದು ಋತು ಕಳೆಯಿರಿ. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ. ಕಾಲಿಗೆ ಕಟ್ಟುವ ಲೀಶ್ ಅಂದಕ್ಕಲ್ಲ, ಬಿದ್ದಾಗ ಗಾಳಿಗೆ ಹಲಗೆ ತೇಲಿಹೋದರೆ ಈಜಿ ಹಿಡಿಯಲಾಗುವುದಿಲ್ಲ. ಕಂಬ, ಬೇರುಗಳಿಗೆ ಸಿಕ್ಕಿಕೊಳ್ಳಬಹುದಾದ ಹರಿಯುವ ನೀರಿನಲ್ಲಾದರೆ ಸೊಂಟದಲ್ಲಿ ಕಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಲೀಶ್ ಕೇಳಿ ಪಡೆಯಿರಿ. ಮಳೆಗಾಲದಲ್ಲಿ ಅಳಿವೆಯ ಹತ್ತಿರವೂ ಸುಳಿಯಬೇಡಿ. ಮೊದಲ ರೇಸಿಗೆ ಹೆಸರು ಕೊಡುವಾಗ ಗೆಲ್ಲುವ ಲೆಕ್ಕ ಬಿಟ್ಟು, ಕೊನೆಯವರಾಗಿಯಾದರೂ ಗೆರೆ ಮುಟ್ಟುವ ಲೆಕ್ಕ ಹಾಕಿ. ಅಕ್ಟೋಬರ್ ಕಳೆದ ಮೇಲೆ ಬನ್ನಿ, ಬೆಳಗ್ಗೆ ಆರಕ್ಕೆ ನಾವೆಲ್ಲ ಹೊಳೆಯಲ್ಲೇ ಇರುತ್ತೇವೆ.