ತೋಟಕ್ಕೆ ಮೂಡಗಾಳಿ ಬಂದ ದಿನ

ಮಳೆಗಾಲದಲ್ಲಿ ಸಾಗರ ಸೀಮೆಗೆ ಗಾಳಿ ಬರುವುದು ಪಡುವಣ ಕಡಲಿನ ಕಡೆಯಿಂದ. ಬರುವಾಗ ಮೈತುಂಬ ನೀರು ಹೊತ್ತಿರುತ್ತದೆ. ಅಕ್ಟೋಬರ್ ಅರ್ಧ ಕಳೆಯುವ ಹೊತ್ತಿಗೆ ಮುಂಗಾರು ಹಿಂದೆ ಸರಿದು ಗಾಳಿಯ ದಿಕ್ಕೇ ಬದಲಾಗುತ್ತದೆ. ದೀಪಾವಳಿಯ ಸುಮಾರಿಗೆ ಅದು ಬಯಲುಸೀಮೆ ದಾಟಿ, ಒಣಗಿಕೊಂಡು, ಮೂಡಣದಿಂದ ಬೀಸುತ್ತದೆ. ಅದೇ ಮೂಡಗಾಳಿ. "ಶರದೃತು ಬಂತೋ ಇಲ್ಲವೋ ಅಂತ ಪಂಚಾಂಗ ಯಾಕೆ ನೋಡಬೇಕು? ಅಂಗಳದ ಬಟ್ಟೆ ಬೇಗ ಒಣಗಿದರೆ ಬಂತು ಅಂತಲೇ ಲೆಕ್ಕ" ಎನ್ನುತ್ತಾರೆ ನಮ್ಮ ಅತ್ತೆ.

ದೊಡ್ಡಹಬ್ಬ ಮುಗಿದ ಮರುವಾರ ಮಕ್ಕಳನ್ನು ಕರೆದುಕೊಂಡು ಸೋದರಮಾವನ ಊರಿಗೆ ಹೋಗಿದ್ದೆ. ಮಲೆನಾಡಿನ ಅಡಿಕೆ ತೋಟಗಳು ಹೆಚ್ಚಾಗಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿರುತ್ತವೆ. ಕೆಳಗೆ ನಿಂತರೆ ಗಾಳಿಯೇ ಇಲ್ಲ ಅನ್ನಿಸುತ್ತದೆ. ಕತ್ತೆತ್ತಿ ನೋಡಿದರೆ ಮೇಲೆ ಮರಗಳ ತಲೆಗಳೆಲ್ಲ ಒಟ್ಟಿಗೆ ತೂಗುತ್ತಿರುತ್ತವೆ.

"ಇಷ್ಟು ಸಣ್ಣ ಮರ ಮುರಿಯೋದಿಲ್ವಾ ಅಜ್ಜ?" ಎಂದು ನನ್ನ ಮಗಳು ಕೇಳಿದಳು. ಮಾವ ಒಂದು ಮರಕ್ಕೆ ಅವಳ ಅಂಗೈ ಒತ್ತಿಸಿದರು. ಕಾಂಡ ಒಳಗೊಳಗೇ ಅಲುಗುತ್ತಿತ್ತು. ಅಡಿಕೆ ಮರದ ಹೊರಭಾಗ ಗಟ್ಟಿ, ಒಳಗೆ ಮೆದು. ಅದಕ್ಕೇ ಅದು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಆದರೆ ಅದಕ್ಕೆ ಕೊಂಬೆಗಳಿಲ್ಲ, ತುದಿಯಲ್ಲಿ ಇರುವುದು ಒಂದೇ ಸುಳಿ. ಆ ಸುಳಿ ಮುರಿದರೆ ಮರ ಮತ್ತೆ ಚಿಗುರುವುದಿಲ್ಲ.

ಅಂದು ಕೊಯ್ಲಿನ ಮೊದಲ ದಿನ. ಕೊನೆಗೌಡ ಬೆಳಿಗ್ಗೆಯೇ ಬಂದಿದ್ದ. ಮರ ಹತ್ತಿ ಅಡಿಕೆ ಕೊನೆ ಇಳಿಸುವವನಿಗೆ ನಮ್ಮಲ್ಲಿ ಕೊನೆಗೌಡ ಎನ್ನುತ್ತಾರೆ. ಒಂದು ಮರ ಮುಗಿದ ಮೇಲೆ ಅವನು ಕೆಳಗಿಳಿಯುವುದಿಲ್ಲ. ಮೇಲಿನಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾನೆ. ಗಾಳಿಯಲ್ಲಿ ಪಕ್ಕದ ಮರ ಕೈಗೆ ನಿಲ್ಲುವುದಿಲ್ಲ.

"ಅಯ್ಯಾ, ಇವತ್ತು ಬಿಟ್ಟರೆ ನಾನು ಬರೋದು ಇನ್ನು ಎಂಟು ದಿನಕ್ಕೆ. ಆಚೆ ತೋಟದವರಿಗೆ ಮಾತು ಕೊಟ್ಟಿದ್ದೀನಿ" ಎಂದ ಅವನು.

ಎಂಟು ದಿನ ಕಾದರೆ ನಷ್ಟ. ಕೆಂಪಡಿಕೆಗೆ ಹಸಿರು ಕಾಯಿಯೇ ಬೇಕು. ಅದನ್ನು ಸುಲಿದು, ಬೇಯಿಸಿ, ಒಣಗಿಸುತ್ತಾರೆ. ಕಾಯಿ ಹಣ್ಣಾಗಿ ಹಳದಿ ತಿರುಗಿದರೆ ಅದು ಗೋಟು; ಅದಕ್ಕೆ ಬೆಲೆ ಕಡಿಮೆ. ಮಾವ ಒಮ್ಮೆ ಕೊನೆಗಳನ್ನು ನೋಡಿದರು, ಒಮ್ಮೆ ತೂಗುವ ತುದಿಗಳನ್ನು ನೋಡಿದರು. "ಬೇಡ ಮಾರಾಯಾ, ಇವತ್ತು ಹತ್ತೋದು ಬೇಡ. ಒಳಗೆ ಬಾ, ಕಾಫಿ ಕುಡಿ" ಎಂದರು.

ಹಾಗೆಂದು ಯಾರೂ ಸುಮ್ಮನೆ ಕೂರಲಿಲ್ಲ. ಗೊನೆ ಹೊತ್ತ ಬಾಳೆಗಿಡಗಳಿಗೆ ಕವೆಗೋಲು ಕೊಟ್ಟು ನಿಲ್ಲಿಸಿದೆವು. ಗಾಳಿಗೆ ಸಿಕ್ಕ ಬಾಳೆಲೆಗಳೆಲ್ಲ ರಿಬ್ಬನ್ನಿನಂತೆ ಸೀಳಿದ್ದವು. ಅದು ಗಿಡಕ್ಕೆ ಒಳ್ಳೆಯದೇ, ಸೀಳುಗಳ ನಡುವೆ ಗಾಳಿ ನುಸುಳಿ ಹೋಗುತ್ತದೆ. ಆದರೆ ಸೀಳಿದ ಎಲೆ ಊಟಕ್ಕೆ ಬರುವುದಿಲ್ಲವಲ್ಲ! ಅತ್ತೆ ಗುಡ್ಡದ ಮರೆಯಲ್ಲಿದ್ದ ಗಿಡಗಳಿಂದ ಏಳು ಇಡೀ ಎಲೆ ಕೊಯ್ದು ತಂದರು. ಮಕ್ಕಳು ಬಿದ್ದ ಹಾಳೆಗಳನ್ನು ಆರಿಸಿ, ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆದು, ಅಂಗಳದ ತುಂಬ ಗಾಡಿ ಓಡಿಸಿದರು.

ಮಧ್ಯಾಹ್ನ ಅಂಗಳದ ಮೇಲೆ ನೂರಾರು ಏರೋಪ್ಲೇನ್ ಚಿಟ್ಟೆಗಳು ಹಾರುತ್ತಿದ್ದವು. ಮಕ್ಕಳೇ, ಈ ಹುಳುಗಳಲ್ಲಿ ಹಳದಿ ಬಣ್ಣದ ಒಂದು ಜಾತಿ ಇದೆ. ಬೆರಳುದ್ದದ ಈ ಜೀವ ಪ್ರತಿವರ್ಷ ಅಕ್ಟೋಬರ್ ಹೊತ್ತಿಗೆ ಕಡಲ ನಡುವಿನ ಮಾಲ್ಡೀವ್ಸ್ ದ್ವೀಪಗಳಲ್ಲಿ ಗುಂಪುಗುಂಪಾಗಿ ಕಾಣಿಸುತ್ತದೆ. ಇವು ಭಾರತದಿಂದ ಹೊರಟು, ಇದೇ ಮೂಡಣದ ಗಾಳಿ ಹಿಡಿದು, ಆಫ್ರಿಕಾದವರೆಗೂ ಹೋಗುತ್ತವೆ ಎಂದು ಅಲ್ಲಿ ನೆಲೆಸಿದ್ದ ವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು. ಮಾವನಿಗೆ ಮರ ಹತ್ತಿಸಲು ಬಿಡದ ಗಾಳಿಯೇ ಅವುಗಳಿಗೆ ದಾರಿಯ ಬಂಡಿ.

ಕತ್ತಲಾಗುವ ಮುನ್ನ ತೋಟದ ಅಂಚಿನಲ್ಲಿ ಹಳೆಯ ಮರವೊಂದು ಲಟಕ್ಕನೆ ಮುರಿದು ಬಿತ್ತು. ಬೆಳಿಗ್ಗೆ ಕೊನೆಗೌಡ ಹತ್ತಲು ಹೊರಟಿದ್ದ ಸಾಲಿನದೇ ಮರ. ಮಾವ ಮಾತಾಡಲಿಲ್ಲ. ಅದರ ಕೊನೆ ಬಿಡಿಸಿಕೊಂಡು ಮನೆಗೆ ತಂದರು.

ಹತ್ತು ದಿನದ ಮೇಲೆ ಫೋನ್ ಮಾಡಿ ಕೊಯ್ಲು ಹೇಗಾಯಿತೆಂದು ಕೇಳಿದೆ. "ನಾಲ್ಕು ಬುಟ್ಟಿ ಗೋಟಾಯ್ತು" ಎಂದರು ಮಾವ. "ಕೊನೆಗೌಡ ಈಗಷ್ಟೇ ಊಟ ಮಾಡಿ ಮನೆಗೆ ಹೋದ."