ಯಾರ ದೋಣಿ?

ಥರ್ಡ್ ಸೆಮ್ ಸೆಮಿನಾರ್‌ಗೆ 'ಒಂದು ಏರ್‌ಲೈನ್, ಅದರ ಫ್ಲೀಟ್' ಅಂತ ಟಾಪಿಕ್ ಕೊಟ್ಟಾಗ ಎಮಿರೇಟ್ಸ್, ಇಂಡಿಗೋ ಎಲ್ಲ ಬೇರೆ ಬ್ಯಾಚ್‌ನವರು ಹೊಡ್ಕೊಂಡ್ರು. ನಾವು ನಾಲ್ಕು ಜನ ಕ್ಯಾಂಟೀನಿಂದ ಬರೋದ್ರೊಳಗೆ ಉಳಿದಿದ್ದು ತಾಂಜಾನಿಯಾದ ಪ್ರೆಸಿಷನ್ ಏರ್. ಹೆಸರೇ ಕೇಳಿರಲಿಲ್ಲ. (ನಾವು ಇಂಗ್ಲಿಷ್ ಮೀಡಿಯಂನವರು, ಒತ್ತಕ್ಷರ ತಪ್ಪಿದ್ರೆ ಎಡಿಟರ್ ಅಣ್ಣ ತಿದ್ಕೊಳ್ಳಲಿ.)

ಓದ್ತಾ ಓದ್ತಾ ಇಷ್ಟ ಆಯ್ತು. 1990ರ ದಶಕದ ಶುರುವಿನಲ್ಲಿ ಐದು ಸೀಟಿನ ಒಂದು ಪೈಪರ್ ಅಜ್ಟೆಕ್ ಇಟ್ಕೊಂಡು ಹುಟ್ಟಿದ ಕಂಪನಿ. ನಡುವೆ ಬೋಯಿಂಗ್ 737 ಕೂಡ ಹಾರಿಸಿ ನೋಡಿದ್ರು, ಆದರೆ ಕೈ ಹಿಡಿದಿದ್ದು ಎಟಿಆರ್ 42 ಮತ್ತು 72. ನಮ್ಮ ಹುಬ್ಬಳ್ಳಿ, ಮೈಸೂರಿಗೆಲ್ಲ ಬರುತ್ತಲ್ಲ, ರೆಕ್ಕೆ ಮೇಲಿರೋ ಫ್ಯಾನ್ ವಿಮಾನ, ಅದೇ ಜಾತಿ. ಜೆಟ್‌ಗಿಂತ ನಿಧಾನ, ಆದರೆ ಹತ್ತಿರದ ಊರುಗಳಿಗೆ ಡೀಸೆಲ್ ಗಾಡಿ ಥರ ಲೆಕ್ಕಕ್ಕೆ ಬರುತ್ತೆ, ಚಿಕ್ಕ ರನ್‌ವೇ ಸಾಕು. ಇನ್ನೊಂದು ವಿಶೇಷ, ಜನ ಹತ್ತೋದು ಹಿಂದಿನ ಬಾಗಿಲಿಂದ. ಮುಂದೆ ಲಗೇಜು.

ಕೊನೆಯ ಸ್ಲೈಡ್ ಆಕ್ಸಿಡೆಂಟ್‌ದು. ದಾರ್ ಎಸ್ ಸಲಾಮ್‌ನಿಂದ ಬುಕೋಬಾಗೆ ರಸ್ತೇಲಿ ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಅಲ್ಲಿನ ರನ್‌ವೇ ವಿಕ್ಟೋರಿಯಾ ಸರೋವರದ ದಡದಲ್ಲೇ ಇದೆ. 2022ರ ನವೆಂಬರ್ 6, ಭಾನುವಾರ ಬೆಳಿಗ್ಗೆ, ಕೆಟ್ಟ ಹವಾಮಾನ. ಎಟಿಆರ್ 42 ರನ್‌ವೇ ಮುಟ್ಟೋ ಮುಂಚೆ ನೀರಿಗೆ ಬಿತ್ತು. 43 ಜನರಲ್ಲಿ 19 ಜನ ಸತ್ತರು. ನಾವು ಸ್ಲೈಡಲ್ಲಿ ಇದನ್ನ ಒಂದೇ ಲೈನ್ ಹಾಕಿ, ಪಕ್ಕದಲ್ಲಿ 'ಲೋಕಲ್ ಬೋಟ್ಸ್ ಅಸಿಸ್ಟೆಡ್' ಅಂತ ಬರೆದಿದ್ವಿ.

ಪ್ರಶ್ನೆ ಇದ್ಯಾ ಅಂದಾಗ ಸರ್ ಸುಮ್ಮನಿದ್ರು. ಹಿಂದಿನ ಬೆಂಚಿಂದ ಮಲ್ಪೆಯ ಹುಡುಗ, ಅವನ ಅಪ್ಪ ಕಡಲಿಗೆ ಹೋಗುವವರು, ಎದ್ದು ಕೇಳಿದ, "ಅದು ಯಾರ ದೋಣಿ ಮಾರಾಯ?"

ನಮಗೆ ಗೊತ್ತಿರಲಿಲ್ಲ. ಎಂಜಿನ್ ಯಾವುದು, ಎಷ್ಟು ಸೀಟು ಎಲ್ಲ ಬಾಯಿಪಾಠ. ದೋಣಿ ಯಾರದು ಅಂತ ನೋಡಿಯೇ ಇರಲಿಲ್ಲ.

ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಹುಡುಕಿದ್ವಿ. ಮೊದಲು ತಲುಪಿದ್ದು ಮೀನು ಹಿಡೀತಿದ್ದವರು. ಅವರಲ್ಲಿ ಮಜಾಲಿವಾ ಜಾಕ್ಸನ್ ಅಂತ ಒಬ್ಬ, ಹೆಚ್ಚು ಕಮ್ಮಿ ನಮ್ಮದೇ ವಯಸ್ಸು. ವಿಮಾನದ ಮೂತಿ ಮುಳುಗಿತ್ತು, ಬಾಲ ಇನ್ನೂ ಮೇಲಿತ್ತು. ಅವನು ದೋಣಿಯ ಹುಟ್ಟಿನಿಂದ ಹೊಡೆದು ಹಿಂದಿನ ಬಾಗಿಲು ತೆಗೆದನಂತೆ, ಅವನೇ ಹೇಳಿದ್ದು. ನಾವು 'ವಿಶೇಷ' ಅಂತ ಬುಲೆಟ್ ಪಾಯಿಂಟ್ ಹಾಕಿದ್ವಲ್ಲ, ಅದೇ ಬಾಗಿಲು. ಹಿಂದೆ ಕೂತವರು ಅಲ್ಲಿಂದ ಹೊರಗೆ ಬಂದರು. ಆಮೇಲೆ ಕಾಕ್‌ಪಿಟ್ ಹತ್ತಿರಾನೂ ಮುಳುಗಿ ಹೋದನಂತೆ, ಒಳಗಿಂದ ಪೈಲಟ್ ಕೈಸನ್ನೆ ಮಾಡಿದ್ರು ಅಂತ ಅವನೇ ಹೇಳಿದ್ದಾನೆ. ಹಗ್ಗ ಕಟ್ಟಿ ಎಳೆಯುವಾಗ ಹಗ್ಗ ತುಂಡಾಗಿ ಮುಖಕ್ಕೆ ಬಡೀತು. ಎಚ್ಚರ ಆದಾಗ ಆಸ್ಪತ್ರೆಯಲ್ಲಿದ್ದ. ಪೈಲಟ್‌ಗಳಿಬ್ಬರೂ ಉಳಿಯಲಿಲ್ಲ. ಸರ್ಕಾರ ಅವನಿಗೆ ಹತ್ತು ಲಕ್ಷ ಶಿಲ್ಲಿಂಗ್ ಕೊಟ್ಟು, ಅಗ್ನಿಶಾಮಕ ದಳದಲ್ಲಿ ಕೆಲಸ ಕೊಟ್ಟಿತು. ಹತ್ತು ಲಕ್ಷ ಅಂದ್ರೆ ದೊಡ್ಡದು ಅನ್ಕೋಬೇಡಿ, ನಮ್ಮ ಒಂದು ಸೆಮಿಸ್ಟರ್ ಫೀಸಿಗೂ ಸಾಲಲ್ಲ.

ಮಾರ್ಕ್ಸ್ ಆಗಲೇ ಬಂದಾಗಿತ್ತು, ಹತ್ತಕ್ಕೆ ಎಂಟು. ಆದರೂ ಪಿಪಿಟಿ ತೆಗೆದು ತಿದ್ದೋಕೆ ಕೂತ್ವಿ. ಹುಟ್ಟನ್ನ ಯಾವ ಹೆಡಿಂಗ್ ಕೆಳಗೆ ಹಾಕೋದು ಅಂತ ಒಂದು ಗಂಟೆವರೆಗೂ ಜಗಳ. ಕೊನೆಗೆ ಲೈಫ್ ಜಾಕೆಟ್ ಇದ್ದ ಪಟ್ಟಿಯಲ್ಲೇ ಸೇರಿಸಿ, ಮಲ್ಪೆಯವನಿಗೆ ವಾಟ್ಸ್ಯಾಪ್ ಮಾಡಿದ್ವಿ. ಅವನು ಮಲಗಿದ್ದ ಅನ್ಸುತ್ತೆ, ಬ್ಲೂ ಟಿಕ್ ಬರಲಿಲ್ಲ.