ಬಹಾದ್ದೂರನ ದೇಶದಲ್ಲಿ ನಾವು, ನಮ್ಮ ಗೇಟಿನಲ್ಲಿ ಅವನು

ನಾವಿಬ್ಬರೂ ಆರು ತಿಂಗಳ ಸೇವೆಗೆ ಅಂತ ನೇಪಾಳಕ್ಕೆ ಹೊರಟಾಗ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ರಿಟೈರ್ ಆದವರು ಮಕ್ಕಳ ಹತ್ತಿರ ಅಮೇರಿಕಕ್ಕೆ ಹೋಗ್ತಾರೆ, ನೀವೇನ್ರೀ ನೇಪಾಳಕ್ಕೆ?" ಅಮೇರಿಕದಲ್ಲಿ ನಮಗೆ ಯಾರೂ ಇಲ್ಲ. ಇರುವ ಒಬ್ಬ ಮಗಳು ಪುಣೆಯಲ್ಲಿದ್ದಾಳೆ. ಅದು ಬಿಡಿ.

ನಾನು ಮುಂಬೈಯಲ್ಲಿ 36 ವರ್ಷ ನರ್ಸು, ಬಹುಪಾಲು ಹೆರಿಗೆ ವಾರ್ಡಿನಲ್ಲೇ ಕಳೆದದ್ದು. ಇವರು ರೈಲ್ವೆಯಲ್ಲಿ ಅಕೌಂಟ್ಸ್. ಇಬ್ಬರದೂ ಧಾರವಾಡ ಕಡೆಯ ಬಾಸೆಲ್ ಮಿಶನ್ ಮನೆತನ. 1837ರಲ್ಲಿ ಎಲ್ಲಿಂದಲೋ ಬಂದ ಪಾದ್ರಿಗಳು ಧಾರವಾಡದಲ್ಲಿ ಬಿಡಾರ ಹೂಡಿದ್ದರಿಂದ ನಮ್ಮ ಹಿರೀಕರಿಗೆ ಅಕ್ಷರ ಸಿಕ್ಕಿತು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಆ ಸಾಲದಲ್ಲಿ ಒಂದು ಕಾಸಾದರೂ ತೀರಿಸೋಣ ಅನ್ನುವ ಹುಚ್ಚು ನಮ್ಮದು. ನೇಪಾಳದ 2015ರ ಸಂವಿಧಾನ ಮತಾಂತರವನ್ನು ನಿಷೇಧಿಸಿದೆ, ಹಾಗಾಗಿ ಅಲ್ಲಿ ನಾವು ಬರೀ ವಾಲಂಟಿಯರ್‌ಗಳು. ನನಗದೇ ನೆಮ್ಮದಿ. ಉಪದೇಶ ಮಾಡೋಕೆ ನನಗೆ ಬರೋದಿಲ್ಲ, ಬೆಡ್‌ಪ್ಯಾನ್ ತೊಳೆಯೋಕೆ ಬರುತ್ತೆ.

2020ರ ಜನವರಿ ಕೊನೆಗೆ ಲಲಿತಪುರದ ಒಂದು ಚಿಕ್ಕ ದವಾಖಾನೆಗೆ ಸೇರಿಕೊಂಡೆವು. ಅಲ್ಲಿ ವಾರದ ರಜೆ ಶನಿವಾರ, ಆದ್ದರಿಂದ ಚರ್ಚ್ ಆರಾಧನೆಯೂ ಶನಿವಾರವೇ. ಅಂಗಡಿಯವನು ನಮ್ಮದು ಕರ್ನಾಟಕ ಅಂತ ಕೇಳಿದ ಕೂಡಲೇ "ಓಹೋ, ಪಶುಪತಿನಾಥದ ಭಟ್ಟರ ಊರಿನವರು!" ಅಂದ. ನಮ್ಮ ಕರಾವಳಿಯ ಭಟ್ಟರು ಅಲ್ಲಿ ಪೂಜೆಗಿದ್ದಾರಲ್ಲ, ಅದಕ್ಕೆ. ಇವರು ನಗುತ್ತಾ "ಹೌದು, ನಮ್ಮದು ಸ್ವಲ್ಪ ಬೇರೆ ಪಾರ್ಟಿ" ಅಂದರು.

ಎರಡು ತಿಂಗಳು ತುಂಬುವುದರಲ್ಲಿ, ಮಾರ್ಚ್ 24ರಿಂದ ಅಲ್ಲಿ ಲಾಕ್‌ಡೌನ್. ಅದೇ ರಾತ್ರಿ ಇತ್ತ ಇಂಡಿಯಾ ಕೂಡ ಬಂದ್. ವಿಮಾನ ಇಲ್ಲ, ಗಡಿ ಮುಚ್ಚಿದೆ. ಮರುದಿನ ನಮ್ಮನ್ನು ಕರೆಸಿದ ಸಂಸ್ಥೆಯವರಿಂದ ಫೋನು: ಅರವತ್ತು ದಾಟಿದವರು ದವಾಖಾನೆಗೆ ಕಾಲಿಡಬೇಡಿ. ನನಗೆ 62, ಇವರಿಗೆ 66. ಅವರು ಹೇಳಿದ್ದು ಸರಿಯೇ, ನಾನು ಮೇಟ್ರನ್ ಆಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ನನ್ನ ಕೈಕೆಳಗೆ ಕಲಿತ ಹುಡುಗಿಯರು ಮುಂಬೈಯಿಂದ ಪಿಪಿಇ ಕಿಟ್ ತೊಟ್ಟು, ಬೆವರಿ ಮುಖ ಊದಿಸಿಕೊಂಡ ಫೋಟೋ ಕಳಿಸುವಾಗ, ನಾನು ಎರಡು ಕೋಣೆಯ ಮನೆಯಲ್ಲಿ ಮಾಸ್ಕ್ ಹೊಲಿಯುತ್ತಾ ಕೂತಿದ್ದೆ. ಕೆಳಗಿನ ಮನೆಯ ಹುಡುಗ ನಮಗೆ ತರಕಾರಿ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದ. ಸೇವೆ ಮಾಡಲು ಹೋದವರು ಸೇವೆ ಮಾಡಿಸಿಕೊಳ್ಳುತ್ತಾ ಕೂತೆವು. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಏಪ್ರಿಲ್ ಮಧ್ಯದಲ್ಲಿ ಬಹಾದ್ದೂರನ ಫೋನ್ ಬಂತು.

ಬಹಾದ್ದೂರ್ ನಮ್ಮ ಬಿಲ್ಡಿಂಗಿನ ವಾಚ್‌ಮನ್. 14 ವರ್ಷದಿಂದ ಇದ್ದಾನೆ. ನಮ್ಮ ಮನೆ ಕೀಲಿ, ಕರಿಬೇವಿನ ಕುಂಡ ಎರಡೂ ಅವನ ಸುಪರ್ದಿಗೆ ಬಿಟ್ಟಿದ್ದೆವು. ಊರು ಅಛಾಮ್ ಜಿಲ್ಲೆ, ನೇಪಾಳದ ಪಶ್ಚಿಮದ ತುದಿಯ ಗುಡ್ಡಗಾಡು. ಅಲ್ಲಿನ ಗಂಡಸರು ತಲೆಮಾರುಗಳಿಂದ ದುಡಿಯಲು ಮುಂಬೈಗೆ ಬರುತ್ತಾರೆ. ಹೆಂಡತಿ ಎರಡನೇ ಸಲ ಬಸುರಿ, ಮೇ ಕೊನೆಗೆ ದಿನ. ಅವನು ಹೋಗಬೇಕಿತ್ತು, ಹೋಗುವ ದಾರಿ ಇಲ್ಲ. ದಾರಿ ಸಿಕ್ಕರೂ ಹೋದರೆ ಕೆಲಸ ಇರುವುದಿಲ್ಲ ಅಂತ ಸೊಸೈಟಿಯ ಯಾರೋ ಹೇಳಿದ್ದರಂತೆ. "ಮ್ಯಾಡಮ್, ಆಪ್ ಉಧರ್ ಹೈ ನಾ, ಜರಾ ಬಾತ್ ಕರೋ."

ನಂಬರ್ ಒತ್ತಿದೆ. ಎತ್ತಿದ್ದು ಅವನಪ್ಪ. ನಾನು ಹಿಂದಿಯಲ್ಲಿ "ಬಹಾದ್ದೂರನ ಬಿಲ್ಡಿಂಗಿನಿಂದ ಮಾತಾಡ್ತಿದ್ದೀನಿ" ಅಂದೆ.

"ಕೌನ್ ಬಹಾದ್ದೂರ್?"

ನನಗೆ ಮಾತೇ ಹೊರಡಲಿಲ್ಲ. ಅವನ ಹೆಸರು ನನಗೆ ಗೊತ್ತಿರಲಿಲ್ಲ ನೋಡಿ. ನನ್ನ ಮೊಬೈಲಿನಲ್ಲೂ "ಬಹಾದ್ದೂರ್ ಗೇಟ್" ಅಂತಲೇ ಇತ್ತು. ಡೊಂಬಿವಲಿ, ಎ ವಿಂಗ್ ಎಂದೆಲ್ಲ ಗುರುತು ಹೇಳಿದ ಮೇಲೆ ಮುದುಕ ಮಗನ ಹೆಸರು ಹೇಳಿದ. ಚೆಂದದ ಹೆಸರು. ಅವನನ್ನು ಕೇಳದೆ ಇಲ್ಲಿ ಬರೆಯಲಾರೆ.

ಆಮೇಲೆ ದಿನಕ್ಕೊಂದು ಫೋನು. ಸೊಸೆಗೆ ಹಿಂದಿ ಬಾರದು. ಅವರ ಮನೆಮಾತು ಕಾಠ್ಮಂಡುವಿನ ನೇಪಾಳಿಗಿಂತ ಬೇರೆ, ನಾನು ಕಲಿತ ನಾಲ್ಕು ನೇಪಾಳಿ ವಾಕ್ಯ ನಡೆಯಲಿಲ್ಲ. ಮಾವ ಒಂದು ಕಾಲಕ್ಕೆ ಸಾಯನ್‌ನಲ್ಲಿ ವಾಚ್‌ಮನ್ ಆಗಿದ್ದವನು, ಅಚ್ಚ ಬಂಬಯ್ಯಾ ಹಿಂದಿ. ನನ್ನ ಪ್ರಶ್ನೆಗಳನ್ನೆಲ್ಲ ಅವನೇ ಸೊಸೆಗೆ ದಾಟಿಸಬೇಕು. ಸ್ರಾವ ಇದೆಯಾ, ಕಾಲು ಬಾತಿದೆಯಾ ಅಂತ ಕೇಳಿದರೆ ಪಾಪ, ಕೆಮ್ಮುತ್ತಿದ್ದ. ಕೊನೆಗೆ ಫೋನನ್ನು ಸ್ಪೀಕರಿಗೆ ಹಾಕಿ, ತಾನು ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತು ಕೂಗಿ ಹೇಳುವುದು ಅಂತ ಆಯಿತು.

ಹೆಲ್ತ್ ಪೋಸ್ಟಿಗೆ ಒಂದೂವರೆ ತಾಸಿನ ನಡಿಗೆ. ಅಲ್ಲಿ ಹೆರಿಗೆ ಉಚಿತ, ದಾರಿಖರ್ಚಿಗೂ ಸರ್ಕಾರ ದುಡ್ಡು ಕೊಡುತ್ತೆ. ಹೋಗಲಿಕ್ಕೆ ಒಪ್ಪಿಸಿಯೂ ಇದ್ದೆ. ಅಷ್ಟರಲ್ಲಿ ಮೇ 16ರಂದು ಸುದ್ದಿ ಬಂತು: ನೇಪಾಳದಲ್ಲಿ ಕೊರೋನಾದ ಮೊದಲ ಸಾವು, 29 ವರ್ಷದ ಬಾಣಂತಿ. ಮುಗಿಯಿತು. ಇನ್ನು ಆಸ್ಪತ್ರೆಯ ಹೆಸರೆತ್ತಿದರೆ ಅತ್ತೆ ಅಳುತ್ತಾಳೆ. ಅವರೊಬ್ಬರೇ ಅಲ್ಲ. ಆ ದೇಶದ ಒಂಬತ್ತು ಆಸ್ಪತ್ರೆಗಳಲ್ಲಿ ಲಾಕ್‌ಡೌನ್ ಕಾಲದ ಹೆರಿಗೆಗಳು ಸುಮಾರು ಅರ್ಧಕ್ಕಿಳಿದಿದ್ದವು ಅಂತ ಆಮೇಲೆ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂತು.

ಇನ್ನೊಂದು ವಿಷಯ ಮುದುಕ ಹೇಳದೇ ಮುಚ್ಚಿಟ್ಟಿದ್ದ. ಬಾಣಂತಿ ದನದ ಗೋಠಿನಲ್ಲಿರಬೇಕು. ಛೌಪಡಿ ಅಂತಾರೆ. ಮುಟ್ಟಾದವರಿಗೂ, ಹೆತ್ತವರಿಗೂ. 2017ರ ಕಾನೂನಿನಲ್ಲಿ ಅದು ಅಪರಾಧ, ಆದರೂ ನಿಂತಿಲ್ಲ. ನನಗೆ ಮೈಯೆಲ್ಲ ಉರಿಯಿತು. ವಾರ್ಡಿನಲ್ಲಾಗಿದ್ದರೆ ಅತ್ತೆಯ ನೀರಿಳಿಸುತ್ತಿದ್ದೆ. ಇಲ್ಲಿ ಬೈದರೆ ಫೋನ್ ಎತ್ತುವುದೇ ನಿಲ್ಲಿಸುತ್ತಾರೆ. "ಸಾಯನ್‌ನಲ್ಲಿ ನಿಮ್ಮ ಬಿಲ್ಡಿಂಗಿನ ಬಾಣಂತಿಯರು ಎಲ್ಲಿ ಮಲಗ್ತಿದ್ದರು?" ಅಂತ ಕೇಳಿದೆ. ಮುದುಕ ಯೋಚಿಸಿ "ಉಧರ್ ಗೋಠ್ ಕಿಧರ್ ಥಾ, ಮ್ಯಾಡಮ್" ಅಂದ. ಇವರು ಹಿಂದಿನಿಂದ ಮೆಲ್ಲಗೆ, "ನೀ ಹುಟ್ಟಿದಾಗ ನಿಮ್ಮವ್ವನ್ನ ಎಲ್ಲಿ ಇಟ್ಟಿದ್ರು, ಕೇಳೀಯೇನು?" ಅಂದರು. ಕೇಳಿದ್ದೆ. ಕಿಟಕಿಯಿಲ್ಲದ ಕತ್ತಲೆ ಕೋಣೆ, ಮಂಚದ ಕೆಳಗೆ ಅಗ್ಗಿಷ್ಟಿಕೆ, ಕಣ್ಣು ಬಿಡಲಾಗದ ಹೊಗೆ. ಬೈಬಲ್ ಓದುವ ಮನೆಯಲ್ಲೇ.

ನಾಲ್ಕು ದಿನ ಚೌಕಾಸಿ ನಡೆಯಿತು. ಕೊನೆಗೆ ಕಾಳು ಇಡುತ್ತಿದ್ದ ಹೊರಗಿನ ಕೋಣೆಗೆ ಒಪ್ಪಿದರು. ಸಾರಿಸಿ, ಬಟ್ಟೆ ಕುದಿಸಿ ಒಣಗಿಸಿ, ಬೆಂಕಿ ಹೊರಗೆ. ಇದು ಗೆಲುವೋ ಸೋಲೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೇ 29ರ ರಾತ್ರಿ ನೋವು ಶುರುವಾಯಿತು. ಊರಿನ ಸ್ವಯಂಸೇವಿಕೆ ಟಾರ್ಚ್ ಹಿಡಿದು ಬಂದಳು. ಇಂಥ ಸುಮಾರು 50 ಸಾವಿರ ಹೆಂಗಸರು ಆ ದೇಶದ ಹಳ್ಳಿಹಳ್ಳಿಯಲ್ಲಿ ಇದ್ದಾರೆ, ನಿಜವಾದ ಸೇವೆ ಅಂದರೆ ಅವರದು. ಅವಳ ಚೀಲದಲ್ಲಿ ರಕ್ತಸ್ರಾವ ತಡೆಯುವ ಮೂರು ಮಾತ್ರೆ, ಹೊಕ್ಕುಳಿಗೆ ಹಚ್ಚುವ 'ನಾಭಿ ಮಲಮ್'. ಮಗು ಹೊರಗೆ ಬಂದು, ಒಳಗೆ ಇನ್ನೊಂದಿಲ್ಲ ಅಂತ ಖಾತ್ರಿಯಾಗುವ ತನಕ ಮಾತ್ರೆ ಕೊಡಬೇಡ ಅಂತ ನಾನು ಹತ್ತು ಸಲ ಹೇಳಿದೆ. ಅವಳಿಗೆ ಗೊತ್ತಿತ್ತು. ಎರಡೂವರೆಗೆ ಸಿಗ್ನಲ್ ಹೋಯಿತು.

ಇಬ್ಬರೂ ಮೊಣಕಾಲೂರಿದೆವು. ಕನ್ನಡದಲ್ಲಿ, ಅವನ ನಿಜವಾದ ಹೆಸರು ಹೇಳಿ ಪ್ರಾರ್ಥಿಸಿದರು ಇವರು. ಐದು ಗಂಟೆಗೆ ಫೋನ್ ಬಂತು. ಹೆಣ್ಣು ಮಗು, ತಾಯಿ ಚಹಾ ಕುಡಿಯುತ್ತಿದ್ದಾಳೆ. ಡೊಂಬಿವಲಿಗೆ ಫೋನ್ ಮಾಡಿದೆ. ಅವನು ಏನೂ ಹೇಳಲಿಲ್ಲ. ಹಿಂದೆ ಗೇಟಿನ ಹತ್ತಿರದ ನಾಯಿ ಬೊಗಳುವುದು ಮಾತ್ರ ಕೇಳುತ್ತಿತ್ತು.

ನಾವು ಮನೆ ತಲುಪಿದ್ದು ಡಿಸೆಂಬರ್ ಕೊನೆಗೆ, ದಿಲ್ಲಿಗೆ ವಿಮಾನ ಮತ್ತೆ ಶುರುವಾದ ಮೇಲೆ. ಗೇಟಿನಲ್ಲಿ ಅವನೇ ಇದ್ದ. ನಾನು ಹೆಸರು ಹಿಡಿದು ಕರೆದೆ. ನಾಚಿಕೊಂಡು, "ಮ್ಯಾಡಮ್, ಇಧರ್ ಬಹಾದ್ದೂರ್ ಹೀ ಠೀಕ್ ಹೈ, ಸಬ್ ಗಡಬಡಾ ಜಾಯೇಂಗೆ" ಅಂದ. ಮಗುವಿನ ವೀಡಿಯೋ ತನ್ನ ಮೊಬೈಲಿನಲ್ಲೇ ಇದ್ದರೂ ನನ್ನದರಲ್ಲಿ ಇನ್ನೊಮ್ಮೆ ನೋಡಿದ. ಅಷ್ಟರಲ್ಲಿ ಬಿ ವಿಂಗಿನವರ ಕಾರು ಹಾರ್ನ್ ಹೊಡೆಯಿತು, ಗೇಟು ತೆಗೆಯಲು ಓಡಿದ.